ಹಳೆಯ ಸೈಕಲ್ಲಿಗೆ ಡಿಸ್ಕ್ ಬ್ರೇಕು

ಕಳೆದ ವರ್ಷ ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಸಂಜೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಸೈಕಲ್ಲಿನ ಹಿಂಭಾಗವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು, ಮುಂದಿನ ಗಾಲಿಯೊಂದನ್ನೇ ಉರುಳಿಸುತ್ತ, ಪ್ರಯೋಗಶಾಲೆಯ ಬಾಗಿಲಿಗೆ ಬಂದನು. ಅದು ಅವನ ಚಿಕ್ಕಪ್ಪ 1990ರ ದಶಕದಲ್ಲಿ ಕೊಂಡ ಉಕ್ಕಿನ ಸೈಕಲ್ಲು. 26 ಅಂಗುಲದ ಗಾಲಿ, ದಪ್ಪ ಟೈರು, ಗೇರುಗಳುಳ್ಳದ್ದು. ಮಳೆಯಲ್ಲಿ ಅದರ ಬ್ರೇಕು ಹಿಡಿಯುತ್ತಿರಲಿಲ್ಲವೆಂದು ಅವನು ಅಂಗಡಿಯಿಂದ ಒಂದು ಅಡಾಪ್ಟರ್ ಪಟ್ಟಿಯನ್ನು ತಂದು, ಅದರ ಸಹಾಯದಿಂದ ಹಿಂದಿನ ಗಾಲಿಗೆ ಡಿಸ್ಕ್ ಬ್ರೇಕನ್ನು ಕೂರಿಸಿದ್ದನು. ಹತ್ತು ದಿನ ಎಲ್ಲವೂ ಸುಖವಾಗಿ ನಡೆಯಿತು. ಹನ್ನೊಂದನೆಯ ದಿನ ಬಿಸಿಲಿತ್ತು, ರಸ್ತೆ ಒಣಗಿತ್ತು. ಎಮ್ಮೆಯೊಂದು ಹಠಾತ್ತನೆ ಅಡ್ಡ ಬಂದಾಗ ಅವನು ಬ್ರೇಕನ್ನು ಬಲವಾಗಿ ಅದುಮಿದನು. ಲಟಕ್ಕೆಂಬ ಸದ್ದಾಯಿತು; ಪಟ್ಟಿ ತಿರುಗಿಕೊಂಡಿತು; ಗಾಲಿ ಸಿಕ್ಕಿಕೊಂಡಿತು; ಸವಾರನು ನೆಲ ಕಂಡನು. ದೈವವಶಾತ್ ಮೊಣಕಾಲಿನ ಚರ್ಮ ತರಚಿದ್ದಷ್ಟೇ ನಷ್ಟ. ಆದರೆ ಸೈಕಲ್ಲಿನ ಎಡಗಡೆಯ ಹಿಂಗೊಳವೆ ಮುಂದಕ್ಕೆ ಬಾಗಿಹೋಗಿತ್ತು.

“ಸಾರ್, ಬ್ರೇಕು ಕೆಡಲಿಲ್ಲ, ಚೆನ್ನಾಗಿಯೇ ಹಿಡಿಯಿತು. ಗಟ್ಟಿಯಾದ ಉಕ್ಕಿನ ಕೊಳವೆ ಬಾಗಿತಲ್ಲ, ಅದು ಹೇಗೆ?” ಎಂದು ಅವನು ಕೇಳಿದನು.

ಪ್ರಶ್ನೆ ಒಳ್ಳೆಯದು. ಇದಕ್ಕೆ ಉತ್ತರ ಕೊಡಲು ಪ್ರೌಢಶಾಲೆಯಲ್ಲಿ ಕಲಿತ ಸನ್ನೆಯ ತತ್ತ್ವ, ನ್ಯೂಟನ್ನನ ಮೂರನೆಯ ನಿಯಮ ಮತ್ತು ಸ್ವಲ್ಪ ಗುಣಾಕಾರ ಭಾಗಾಕಾರಗಳು ಸಾಕು. ಹಳೆಯ ಸೈಕಲ್ಲಿಗೆ ಹೊಸ ಬ್ರೇಕನ್ನು ಹಾಕಿಸುವ ಹಂಬಲ ಅನೇಕ ತರುಣರಲ್ಲಿ ಇರುವುದರಿಂದ ಆ ಉತ್ತರವನ್ನು ಇಲ್ಲಿ ಸವಿಸ್ತಾರವಾಗಿ ಬರೆಯುತ್ತಿದ್ದೇವೆ.

ಗಾಲಿಯನ್ನು ಹಿಡಿಯುವ ಎರಡು ಬಗೆ

ಓಡುವ ಸೈಕಲ್ಲನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಉಷ್ಣವನ್ನಾಗಿ ಮಾರ್ಪಡಿಸುವುದು. ಘರ್ಷಣೆಯನ್ನು ಗಾಲಿಯ ಯಾವ ಭಾಗದಲ್ಲಿ ಉಂಟುಮಾಡುತ್ತೇವೆ ಎಂಬುದರ ಮೇಲೆ ಬ್ರೇಕಿನ ಬಗೆ ನಿಂತಿದೆ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊತ್ತು ಓಡಾಡುವ ಕಪ್ಪು ಸೈಕಲ್ಲಿನಲ್ಲಿ ಕಬ್ಬಿಣದ ಕಡ್ಡಿಗಳು ಎಳೆದ ರಬ್ಬರುಗಳು ರಿಮ್ಮಿನ ಒಳಮುಖಕ್ಕೆ ಒತ್ತುತ್ತವೆ. ಗೇರಿನ ಸೈಕಲ್ಲುಗಳಲ್ಲಿ ತಂತಿ ಎಳೆದಾಗ ಎರಡು ತೋಳುಗಳು ರಿಮ್ಮಿನ ಎರಡು ಪಕ್ಕೆಗಳನ್ನು ಅದುಮುತ್ತವೆ. ಎರಡರಲ್ಲಿಯೂ ಘರ್ಷಣೆ ನಡೆಯುವುದು ಗಾಲಿಯ ಅಂಚಿನಲ್ಲಿ.

ಡಿಸ್ಕ್ ಬ್ರೇಕಿನಲ್ಲಾದರೋ ಗಾಲಿಯ ನಡುವಿನ ಹಬ್ಬಿಗೆ ತೆಳುವಾದ ಉಕ್ಕಿನ ತಟ್ಟೆಯೊಂದನ್ನು ಬಿಗಿಯಲಾಗಿದೆ. ಗಾಲಿಯೊಡನೆ ಅದೂ ತಿರುಗುತ್ತದೆ. ಫ್ರೇಮಿಗೆ ಕಚ್ಚಿಕೊಂಡಿರುವ ಕ್ಯಾಲಿಪರ್ ಎಂಬ ಇಕ್ಕಳವು ಆ ತಟ್ಟೆಯನ್ನು ಎರಡು ಪ್ಯಾಡುಗಳ ನಡುವೆ ಹಿಡಿಯುತ್ತದೆ. ಇದು ಇಂದಿನ ಕಲ್ಪನೆಯಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅವರು 1902ರಷ್ಟು ಹಿಂದೆಯೇ ಮೋಟಾರು ಗಾಡಿಯ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದಿದ್ದರು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕುಗಳುಳ್ಳ ಜಾಗ್ವಾರ್ ಕಾರು ಗೆದ್ದ ಮೇಲೆ ಇವು ಮನೆಮಾತಾದವು. ಸೈಕಲ್ಲುಗಳಿಗೆ 1970ರ ದಶಕದಲ್ಲಿಯೇ ಇವನ್ನು ಹಾಕಿ ನೋಡಿದ್ದುಂಟು. ಆದರೆ ಅವು ಬಳಕೆಗೆ ಬಂದದ್ದು ಗುಡ್ಡಗಾಡಿನ ಸೈಕಲ್ಲುಗಳ ಮೂಲಕ, 1990ರ ದಶಕದ ಅನಂತರ. ರಸ್ತೆಯ ಪಂದ್ಯಗಳಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಅವುಗಳಿಗೆ ಪೂರ್ಣ ಸಮ್ಮತಿಯಿತ್ತದ್ದು 2018ರಲ್ಲಿ. ಹೀಗಾಗಿ 1990ರ ದಶಕದ ಫ್ರೇಮುಗಳಲ್ಲಿ ಬಹುಪಾಲಿಗೆ ಕ್ಯಾಲಿಪರನ್ನು ಬಿಗಿಯಲು ಜಾಗವೇ ಇಲ್ಲ. ಆ ಕೊರತೆಯನ್ನು ತುಂಬಲು ಬಂದುದೇ ಅಡಾಪ್ಟರ್ ಪಟ್ಟಿ.

ನೀರು ಮತ್ತು ಉಷ್ಣ

ಡಿಸ್ಕ್ ಬ್ರೇಕಿನ ಮೇಲ್ಮೆ ಎಲ್ಲಿದೆ? ಮೊದಲನೆಯದಾಗಿ ನೀರಿನಲ್ಲಿ. ಮಲೆನಾಡಿನ ಮಳೆಯಲ್ಲಿ ಸೈಕಲ್ಲು ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಿಮ್ಮು ನೆಲಕ್ಕೆ ಹತ್ತಿರವಿರುವುದರಿಂದ ರಸ್ತೆಯ ನೀರು, ಕೆಸರು ಎಲ್ಲವೂ ಅದಕ್ಕೆ ಮೆತ್ತಿಕೊಳ್ಳುತ್ತವೆ. ರಬ್ಬರಿಗೂ ರಿಮ್ಮಿಗೂ ನಡುವೆ ನೀರಿನ ಪದರವು ನಿಂತು ಘರ್ಷಣೆಯನ್ನು ಕುಗ್ಗಿಸುತ್ತದೆ. ಹೊಳೆಯುವ ಲೇಪವುಳ್ಳ ಉಕ್ಕಿನ ರಿಮ್ಮಿನಲ್ಲಂತೂ ಒದ್ದೆಯಾದಾಗ ಬ್ರೇಕು ಇಲ್ಲವೆಂದೇ ಹೇಳಬೇಕು. ಡಿಸ್ಕಿನ ತಟ್ಟೆಯು ನೆಲದಿಂದ ಮೇಲಿದೆ, ಅದರಲ್ಲಿ ತೂತುಗಳಿವೆ, ಮೇಲಾಗಿ ಪ್ಯಾಡುಗಳು ಅದನ್ನು ಬಹಳ ಬಲವಾಗಿ ಅದುಮುವುದರಿಂದ ನೀರು ಒರೆಸಿಹೋಗುತ್ತದೆ.

ಎರಡನೆಯದು ಉಷ್ಣ. ಸವಾರನೂ ಸೈಕಲ್ಲೂ ಸೇರಿ 85 ಕಿಲೋಗ್ರಾಂ ಎನ್ನೋಣ. ವೇಗ ಸೆಕೆಂಡಿಗೆ 7 ಮೀಟರ್, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್. ಆಗ ಚಲನಶಕ್ತಿ 85ರ ಅರ್ಧವನ್ನು 49ರಿಂದ ಗುಣಿಸಿದಷ್ಟು, ಎಂದರೆ ಸುಮಾರು 2,080 ಜೂಲ್. ತಟ್ಟೆಯ ತೂಕ 100 ಗ್ರಾಂ ಇದ್ದು ಈ ಉಷ್ಣವೆಲ್ಲ ಅದರಲ್ಲೇ ಉಳಿದರೆ, ಒಂದೇ ನಿಲುಗಡೆಗೆ ಅದರ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಉದ್ದನೆಯ ಘಾಟಿಯ ಇಳಿಜಾರಿನಲ್ಲಿ ಇದು ಮತ್ತಷ್ಟು ಹೆಚ್ಚು. 400 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ 3,33,000 ಜೂಲ್. ಗಾಳಿಯ ತಡೆಗೆ ಹೋದುದನ್ನು ಬಿಟ್ಟು ಉಳಿದುದನ್ನೆಲ್ಲ ಬ್ರೇಕುಗಳೇ ನುಂಗಬೇಕು. ರಿಮ್ ಬ್ರೇಕಿನಲ್ಲಿ ಈ ಬಿಸಿಯು ಟೈರಿಗೂ ಟ್ಯೂಬಿಗೂ ತಟ್ಟುತ್ತದೆ. ಡಿಸ್ಕಿನಲ್ಲಿ ತಟ್ಟೆ ಮಾತ್ರ ಕಾಯ್ದು, ಗಾಳಿಗೆ ಆರುತ್ತದೆ. ರಿಮ್ಮು ಸವೆಯುವುದೂ ತಪ್ಪುತ್ತದೆ.

ಇಷ್ಟು ಗುಣಗಳಿರುವಾಗ ಅದನ್ನು ಹಳೆಯ ಸೈಕಲ್ಲಿಗೆ ಹಾಕಬೇಕೆಂಬ ಆಸೆ ಹುಟ್ಟಿದರೆ ತಪ್ಪೇನು? ತಪ್ಪಿಲ್ಲ. ಆದರೆ ಒಂದು ಲೆಕ್ಕವನ್ನು ಮಾಡಿಯೇ ಮುಂದುವರಿಯಬೇಕು.

ಬಲದ ಲೆಕ್ಕ

ಬ್ರೇಕು ಹಿಡಿದಾಗ ಸೈಕಲ್ಲನ್ನು ತಡೆಯುವುದು ಕೊನೆಗೆ ಟೈರಿಗೂ ನೆಲಕ್ಕೂ ನಡುವಣ ಘರ್ಷಣೆಯೇ. ಬ್ರೇಕು ಎಷ್ಟೇ ಬಲವಾದದ್ದಾದರೂ ಟೈರು ಜಾರತೊಡಗಿದ ಮೇಲೆ ಅದರಿಂದ ಹೆಚ್ಚಿನ ಲಾಭವಿಲ್ಲ. ಅಲ್ಲದೆ ವೇಗ ಕುಗ್ಗುವಾಗ ಸವಾರನ ಭಾರವು ಮುಂದಿನ ಗಾಲಿಯ ಕಡೆಗೆ ವಾಲುತ್ತದೆ. ಹಿಂದಿನ ಗಾಲಿ ಹಗುರವಾಗುತ್ತದೆ. ಹಗುರವಾದ ಗಾಲಿ ಬೇಗ ಜಾರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಘರ್ಷಣಾಂಕವನ್ನು 0.8 ಎಂದು ಹಿಡಿದು, ಸಾಮಾನ್ಯ ಸೈಕಲ್ಲಿನ ಅಳತೆಗಳನ್ನು ಹಾಕಿ ಲೆಕ್ಕ ಮಾಡಿದರೆ, ಹಿಂದಿನ ಬ್ರೇಕೊಂದರಿಂದ ದೊರೆಯುವ ವೇಗಕುಂಠನವು ಗುರುತ್ವ ವೇಗೋತ್ಕರ್ಷದ ಕಾಲುಭಾಗವನ್ನು ಮೀರದು. ನಮ್ಮ 85 ಕಿಲೋಗ್ರಾಂ ಸವಾರಿಗೆ ಇದು ನೆಲದಲ್ಲಿ ಸುಮಾರು 200 ನ್ಯೂಟನ್ ಬಲ.

ಈಗ ಸನ್ನೆಯ ತತ್ತ್ವವನ್ನು ತರೋಣ. ಒಂದು ಬಲವು ಅಚ್ಚಿನ ಸುತ್ತ ತಿರುಗಿಸುವ ಸಾಮರ್ಥ್ಯವು ಆ ಬಲ ಮತ್ತು ಅಚ್ಚಿನಿಂದ ಅದರ ದೂರ, ಇವೆರಡರ ಗುಣಲಬ್ಧ. ಇದನ್ನು ಭ್ರಾಮಕವೆಂದು ಕರೆಯೋಣ. 26 ಅಂಗುಲದ ಗಾಲಿಯ ತ್ರಿಜ್ಯ ಟೈರೂ ಸೇರಿ ಸುಮಾರು 33 ಸೆಂಟಿಮೀಟರ್. ಆದ್ದರಿಂದ ನೆಲದ ಬಲದ ಭ್ರಾಮಕ 200 × 0.33, ಎಂದರೆ 66 ನ್ಯೂಟನ್-ಮೀಟರ್. ಬ್ರೇಕು ಇದಕ್ಕೆ ಸರಿಸಮನಾದ ಭ್ರಾಮಕವನ್ನು ಎದುರು ದಿಕ್ಕಿನಲ್ಲಿ ಒದಗಿಸಬೇಕು.

ರಿಮ್ ಬ್ರೇಕು ಹಿಡಿಯುವುದು ಅಚ್ಚಿನಿಂದ ಸುಮಾರು 27 ಸೆಂಟಿಮೀಟರ್ ದೂರದಲ್ಲಿ. ಬೇಕಾದ ಘರ್ಷಣಬಲ 66ನ್ನು 0.27ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 245 ನ್ಯೂಟನ್. 160 ಮಿಲಿಮೀಟರ್ ವ್ಯಾಸದ ತಟ್ಟೆಯಲ್ಲಿ ಪ್ಯಾಡಿನ ನಡುಭಾಗ ಅಚ್ಚಿನಿಂದ ಸುಮಾರು 7 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಲ್ಲಿ ಬೇಕಾದ ಬಲ 66ನ್ನು 0.07ರಿಂದ ಭಾಗಿಸಿದಷ್ಟು, ಸುಮಾರು 940 ನ್ಯೂಟನ್. ಬಾವಿಯ ರಾಟೆಯ ಹಿಡಿಯನ್ನು ಅಚ್ಚಿನ ಹತ್ತಿರ ಹಿಡಿದು ತಿರುಗಿಸಲು ಯತ್ನಿಸಿದರೆ ಎಷ್ಟು ಕಷ್ಟವೆಂಬುದನ್ನು ನೆನೆದುಕೊಂಡರೆ ಈ ನಾಲ್ಕರಷ್ಟು ಹೆಚ್ಚಳವು ಆಶ್ಚರ್ಯವೆನಿಸದು. 940 ನ್ಯೂಟನ್ ಎಂದರೆ ಸುಮಾರು 96 ಕಿಲೋಗ್ರಾಂ ತೂಕ. ಹೆಚ್ಚುಕಡಮೆ ಒಂದು ಮೂಟೆ ಅಕ್ಕಿಯ ಭಾರ.

ಆ ಬಲ ಎಲ್ಲಿಗೆ ಹೋಗುವುದು?

ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ತಲೆಹಾಕುತ್ತದೆ. ಕ್ಯಾಲಿಪರ್ ತಟ್ಟೆಯನ್ನು ಹಿಂದಕ್ಕೆ ಎಳೆದರೆ, ತಟ್ಟೆಯು ಕ್ಯಾಲಿಪರನ್ನು ತಾನು ತಿರುಗುವ ದಿಕ್ಕಿಗೆ ಅಷ್ಟೇ ಬಲದಿಂದ ಎಳೆಯುತ್ತದೆ. ಕ್ಯಾಲಿಪರ್ ಗಾಲಿಯೊಡನೆ ಸುತ್ತಿಹೋಗದಂತೆ ತಡೆದು ನಿಲ್ಲಿಸುವುದು ಫ್ರೇಮಿನ ಕೆಲಸ. ಅಂದಮೇಲೆ ಬ್ರೇಕಿನ ಒಂದು ಅಂಗವು ಫ್ರೇಮೇ ಎಂದಾಯಿತು. ನಾವು ಅಂಗಡಿಯಿಂದ ತರುವುದು ಬ್ರೇಕಿನ ಒಂದು ಪಾಲನ್ನು ಮಾತ್ರ. ಇನ್ನೊಂದು ಪಾಲು ಮೂವತ್ತು ವರ್ಷಗಳ ಹಿಂದೆ ಬೇರೊಂದು ಉದ್ದೇಶಕ್ಕಾಗಿ ತಯಾರಾದದ್ದು.

ಹಿಂದಿನ ಅಚ್ಚಿಗೆ ಎರಡು ಜೋಡಿ ಕೊಳವೆಗಳು ಬಂದು ಸೇರುತ್ತವೆ. ಸೀಟಿನ ಕೆಳಗಿನಿಂದ ಓರೆಯಾಗಿ ಇಳಿದು ಬರುವ ಸಣ್ಣ ಕೊಳವೆಗಳನ್ನು ಸೀಟ್ ಸ್ಟೇ ಎನ್ನುತ್ತಾರೆ. ಪೆಡಲಿನ ಅಚ್ಚಿನಿಂದ ಹಿಂದಕ್ಕೆ ಬರುವವನ್ನು ಚೈನ್ ಸ್ಟೇ ಎನ್ನುತ್ತಾರೆ. ಸವಾರನ ಭಾರವು ಸೀಟ್ ಸ್ಟೇಯನ್ನು ಅದರ ಉದ್ದಕ್ಕೆ ಅದುಮುತ್ತದೆ. ತೆಳುವಾದ ಕೊಳವೆಯೂ ಉದ್ದದ ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಆದ್ದರಿಂದಲೇ ತಯಾರಕರು ಅದನ್ನು ಕಿರುಬೆರಳ ಗಾತ್ರಕ್ಕೆ ಮಾಡಿ ತೂಕವನ್ನು ಉಳಿಸಿದರು. ರಿಮ್ ಬ್ರೇಕಿನ ತೋಳುಗಳನ್ನು ಬೆಸೆದಿದ್ದು ಸೀಟ್ ಸ್ಟೇಗಳ ಮೇಲ್ಭಾಗದಲ್ಲಿ. ಅಲ್ಲಿ ಬಲವು ಕಡಿಮೆ, ಅದೂ ಎಡಬಲ ಎರಡು ಕೊಳವೆಗಳಿಗೆ ಹಂಚಿಹೋಗುತ್ತದೆ.

ಅಡಾಪ್ಟರಿನ ಸ್ಥಿತಿ ಬೇರೆ. ಅದು ಒಂದು ಗಟ್ಟಿ ಲೋಹದ ಪಟ್ಟಿ. ಅದರ ಒಂದು ಕಡೆ ಎಡಗಡೆಯ ಅಚ್ಚಿಗೆ ಸಿಕ್ಕಿಸಿ ನಟ್ಟಿನಿಂದ ಬಿಗಿಯುತ್ತಾರೆ. ಅದಕ್ಕೆ ಕ್ಯಾಲಿಪರನ್ನು ಹಿಡಿಯುವ ತೂತುಗಳಿವೆ. ಇನ್ನೊಂದು ಕಡೆ ಒಂದು ತೋಳು ಸೀಟ್ ಸ್ಟೇಯ ಉದ್ದಕ್ಕೂ ಹೋಗಿ ಅದಕ್ಕೆ ಪಟ್ಟಾದಿಂದ ಕಟ್ಟಿಕೊಂಡಿರುತ್ತದೆ. ತಟ್ಟೆಯು ಕ್ಯಾಲಿಪರನ್ನು ಎಳೆದಾಗ ಇಡೀ ಪಟ್ಟಿಯೇ ಅಚ್ಚಿನ ಸುತ್ತ ತಿರುಗಲು ನೋಡುತ್ತದೆ. ತೋಳಿನ ತುದಿಯು ಸೀಟ್ ಸ್ಟೇಯನ್ನು ಮುಂದಕ್ಕೆ, ಅದರ ಉದ್ದಕ್ಕೆ ಲಂಬವಾಗಿ, ತಳ್ಳುತ್ತದೆ. ಉದ್ದದ ಒತ್ತಡಕ್ಕಾಗಿ ಮಾಡಿದ ಕೊಳವೆಗೆ ಈಗ ಅಡ್ಡ ಹೊಡೆತ. ಅದೂ ಒಂದೇ ಪಕ್ಕದ ಕೊಳವೆಗೆ. ಒಣಗಿದ ಬಿದಿರು ಕೋಲನ್ನು ನೆಟ್ಟಗೆ ನಿಲ್ಲಿಸಿ ಅದುಮಿದರೆ ಅದು ತಾಳುತ್ತದೆ. ಎರಡು ಕಲ್ಲುಗಳ ಮೇಲೆ ಅಡ್ಡಲಾಗಿಟ್ಟು ನಡುವೆ ಕಾಲಿಟ್ಟರೆ ಮುರಿಯುತ್ತದೆ. ವ್ಯತ್ಯಾಸ ಅಷ್ಟೇ.

ತೋಳಿನ ಉದ್ದದ ಮಹಿಮೆ

ಈ ಅಡ್ಡ ಬಲ ಎಷ್ಟು? ತಡೆಯಬೇಕಾದ ಭ್ರಾಮಕ 66 ನ್ಯೂಟನ್-ಮೀಟರ್. ತೋಳಿನ ಉದ್ದದಿಂದ ಇದನ್ನು ಭಾಗಿಸಿದರೆ ಬಲ ದೊರೆಯುತ್ತದೆ. ತೋಳು 5 ಸೆಂಟಿಮೀಟರ್ ಇದ್ದರೆ 1,320 ನ್ಯೂಟನ್. 15 ಸೆಂಟಿಮೀಟರ್ ಇದ್ದರೆ 440. 25 ಸೆಂಟಿಮೀಟರ್ ಇದ್ದರೆ 264.

ಆದರೆ ಉದ್ದನೆಯ ತೋಳು ಕೊಳವೆಯ ನಡುಭಾಗವನ್ನೇ ಒತ್ತುವುದರಿಂದ ಅದು ಹೆಚ್ಚು ಬಾಗಬಹುದಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸೀಟ್ ಸ್ಟೇಯನ್ನು ಎರಡು ತುದಿಗಳಲ್ಲಿ ಮಾತ್ರ ಆಧಾರವುಳ್ಳ, 45 ಸೆಂಟಿಮೀಟರ್ ಉದ್ದದ ದಂಡವೆಂದು ಭಾವಿಸೋಣ. ಇಂಥ ದಂಡದ ಮೇಲೆ ಬಲ ಬಿದ್ದ ಸ್ಥಳದಲ್ಲಿ ಬಾಗಿಸುವ ಭ್ರಾಮಕವು, ಬಲವನ್ನು ಎರಡು ತುದಿಗಳಿಂದಿರುವ ದೂರಗಳೊಡನೆ ಗುಣಿಸಿ ಒಟ್ಟು ಉದ್ದದಿಂದ ಭಾಗಿಸಿದಷ್ಟು. ನಮ್ಮ ಬಲವು 66ನ್ನು ತೋಳಿನ ಉದ್ದದಿಂದ ಭಾಗಿಸಿ ಬಂದದ್ದು. ಆದುದರಿಂದ ತೋಳಿನ ಉದ್ದವು ಮೇಲೂ ಕೆಳಗೂ ಹೊಡೆದುಹೋಗುತ್ತದೆ. ಉಳಿಯುವುದು 66 × ಮೇಲಿನ ತುದಿಯಿಂದಿರುವ ದೂರ ÷ 45. ತೋಳು 5 ಸೆಂಟಿಮೀಟರ್ ಇದ್ದಾಗ ಇದು 59. 15 ಇದ್ದಾಗ 44. 25 ಇದ್ದಾಗ 29 ನ್ಯೂಟನ್-ಮೀಟರ್. ಎಂದರೆ ತೋಳು ಉದ್ದವಾದಷ್ಟೂ ಬಲವೂ ಕಡಿಮೆ, ಬಾಗುವಿಕೆಯೂ ಕಡಿಮೆ. ನಮ್ಮ ಊಹೆಗೆ ವಿರುದ್ಧವಾದ ಈ ಫಲಿತಾಂಶವು ಲೆಕ್ಕದ ಹಾಳೆಯ ಮೇಲೆ ಮಾತ್ರ ಸ್ಪಷ್ಟವಾಗುತ್ತದೆ.

ಇನ್ನು ಕೊಳವೆ ಇದನ್ನು ತಾಳೀತೇ? ಹೊರವ್ಯಾಸ 14 ಮಿಲಿಮೀಟರ್, ಗೋಡೆಯ ದಪ್ಪ 1 ಮಿಲಿಮೀಟರ್ ಇರುವ ಕೊಳವೆಯನ್ನು ತೆಗೆದುಕೊಂಡರೆ, ಅದರ ಹೊರಮೈಯಲ್ಲಿ ಉಂಟಾಗುವ ಪೀಡನವು ಮೂರು ತೋಳುಗಳಿಗೆ ಕ್ರಮವಾಗಿ ಚದರ ಮಿಲಿಮೀಟರಿಗೆ ಸುಮಾರು 470, 355 ಮತ್ತು 237 ನ್ಯೂಟನ್. ಸಾಧಾರಣ ಮೆದು ಉಕ್ಕು ಚದರ ಮಿಲಿಮೀಟರಿಗೆ ಸುಮಾರು 250 ನ್ಯೂಟನ್ನಿನ ಹತ್ತಿರ ಶಾಶ್ವತವಾಗಿ ಬಾಗಲು ಮೊದಲಾಗುತ್ತದೆ. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು ಇದಕ್ಕಿಂತ ಸಾಕಷ್ಟು ಹೆಚ್ಚು ತಾಳುತ್ತದೆ. ನಿಜವಾದ ಫ್ರೇಮಿನಲ್ಲಿ ಕೊಳವೆಯ ತುದಿಗಳು ಬೆಸುಗೆಯಿಂದ ಬಿಗಿಯಾಗಿರುವುದರಿಂದ ಪೀಡನವು ನಮ್ಮ ಸ್ಥೂಲ ಅಂದಾಜಿಗಿಂತ ತುಸು ಕಡಿಮೆಯಿರುತ್ತದೆ. ಆದರೂ ಅಪಾಯದ ಗೆರೆ ಎಷ್ಟು ಸಮೀಪದಲ್ಲಿದೆ ಎಂಬುದನ್ನು ಇದು ತೋರಿಸುತ್ತದೆ.

ನಮ್ಮ ವಿದ್ಯಾರ್ಥಿಯ ಪಟ್ಟಿಯನ್ನು ಅಳೆದು ನೋಡಿದೆವು. ಅದರ ತೋಳು ಕೇವಲ 5 ಸೆಂಟಿಮೀಟರ್! ಹತ್ತು ದಿನ ಅವನು ಮೆಲ್ಲಗೆ ಬ್ರೇಕು ಹಿಡಿದಿದ್ದನು. ಅರ್ಧ ಬಲಕ್ಕೆ ಅರ್ಧ ಪೀಡನ, 235. ಕೊಳವೆ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಹನ್ನೊಂದನೆಯ ದಿನ ಪೂರ್ಣ ಬಲ ಬಿದ್ದಾಗ ಮತ್ತೆ ನೆಟ್ಟಗಾಗಲಿಲ್ಲ. ಹತ್ತು ದಿನ ಸರಿಯಾಗಿತ್ತೆಂಬುದು ಸುರಕ್ಷಿತತೆಗೆ ಸಾಕ್ಷಿಯಲ್ಲ.

ಮುಂದಿನ ಗಾಲಿಯ ಮಾತು

ಹಿಂದಿನದಕ್ಕೇ ಇಷ್ಟಾದರೆ ಮುಂದಿನ ಗಾಲಿಯ ಗತಿಯೇನು? ಭಾರವು ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕು ಗುರುತ್ವದ 0.6ರಷ್ಟು ವೇಗಕುಂಠನವನ್ನು ಕೊಡಬಲ್ಲದು. ಗಂಟೆಗೆ 25 ಕಿಲೋಮೀಟರ್ ವೇಗದಿಂದ ನಿಲ್ಲಲು ಹಿಂದಿನ ಬ್ರೇಕೊಂದಕ್ಕೆ ಸುಮಾರು 10 ಮೀಟರ್ ಬೇಕಾದರೆ, ಮುಂದಿನದಕ್ಕೆ ಸುಮಾರು 4 ಮೀಟರ್ ಸಾಕು. ಆದರೆ ನೆಲದ ಬಲ 500 ನ್ಯೂಟನ್, ಭ್ರಾಮಕ 165 ನ್ಯೂಟನ್-ಮೀಟರ್, ಪ್ಯಾಡಿನಲ್ಲಿ ಬಲ ಸುಮಾರು 2,350 ನ್ಯೂಟನ್. ಇದನ್ನೆಲ್ಲ ಫೋರ್ಕಿನ ಎಡಗಾಲೊಂದೇ, ಅದೂ ತನ್ನ ತೆಳ್ಳಗಿನ ತುದಿಯಲ್ಲಿ, ತಾಳಬೇಕು.

ಇನ್ನೊಂದು ಸೂಕ್ಷ್ಮವಿದೆ. ಕ್ಯಾಲಿಪರನ್ನು ಫೋರ್ಕಿನ ಕಾಲಿನ ಹಿಂದೆ ಇಡುವುದು ವಾಡಿಕೆ. ಅಲ್ಲಿ ತಟ್ಟೆಯು ಮೇಲಕ್ಕೆ ಚಲಿಸುತ್ತಿರುತ್ತದೆ. ಆದುದರಿಂದ ಪ್ಯಾಡುಗಳು ತಟ್ಟೆಯನ್ನು, ತನ್ಮೂಲಕ ಅಚ್ಚನ್ನು, ಕೆಳಕ್ಕೆ ತಳ್ಳುತ್ತವೆ. ಅಚ್ಚು ಕೂರುವ ಸೀಳು ಕೆಳಗಡೆಗೇ ತೆರೆದಿದೆ! ನೆಲವು ಗಾಲಿಯನ್ನು ಮೇಲಕ್ಕೆ ಒತ್ತುವ ಬಲ, ಸವಾರನ ಇಡೀ ಭಾರ ಮುಂದೆ ಬಿದ್ದರೂ, 833 ನ್ಯೂಟನ್ ಮಾತ್ರ. 2,350ರಲ್ಲಿ ಇದನ್ನು ಕಳೆದರೆ 1,500 ನ್ಯೂಟನ್ನಿಗೂ ಹೆಚ್ಚಿನ ಬಲವು ಅಚ್ಚನ್ನು ಸೀಳಿನಿಂದ ಹೊರಕ್ಕೆ ದೂಡುತ್ತಿರುತ್ತದೆ. 2003ರಲ್ಲಿ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಆನನ್ ಅವರು ಈ ಅಪಾಯದ ಕಡೆಗೆ ಸೈಕಲ್ ಸವಾರರ ಗಮನವನ್ನು ಸೆಳೆದರು. ಇಂದಿನ ಅನೇಕ ಸೈಕಲ್ಲುಗಳಲ್ಲಿ ಸೀಳಿನ ಬದಲು ತೂತುಗಳಿದ್ದು, ಅಚ್ಚು ಅವುಗಳ ಮೂಲಕ ತೂರಿಹೋಗಿ ತಿರುಪಿನಿಂದ ಬಿಗಿಗೊಳ್ಳುತ್ತದೆ. ಅಂಥಲ್ಲಿ ಅದು ಜಾರಿ ಬೀಳುವ ಮಾತೇ ಇಲ್ಲ.

ಆದುದರಿಂದ ನಮ್ಮ ಸಲಹೆ ಸ್ಪಷ್ಟ. ಹಳೆಯ ಫೋರ್ಕಿಗೆ ಅಡಾಪ್ಟರನ್ನು ಎಂದಿಗೂ ಹಾಕಬಾರದು. ಮುಂದೆ ಡಿಸ್ಕ್ ಬೇಕಾದರೆ ಅದಕ್ಕಾಗಿಯೇ ಮಾಡಿದ ಫೋರ್ಕನ್ನು ತಂದು ಹಾಕಿಸತಕ್ಕದ್ದು. ಹೊಸ ಫೋರ್ಕಿನ ಉದ್ದವು ಹಳೆಯದಕ್ಕೆ ಸಮನಾಗಿರಬೇಕು; ಉದ್ದ ಹೆಚ್ಚಾದರೆ ಸೈಕಲ್ಲಿನ ಮೂತಿ ಮೇಲೆದ್ದು ಅದರ ನಡೆಯೇ ಬದಲಾಗುತ್ತದೆ.

ಹಿಂದಿನ ಗಾಲಿಗೆ ಕೂರಿಸುವ ಕ್ರಮ

ಇಷ್ಟನ್ನು ತಿಳಿದ ಮೇಲೂ ಹಿಂದಿನ ಗಾಲಿಗೆ ಅಡಾಪ್ಟರನ್ನು ಹಾಕಲು ಮನಸ್ಸಿದ್ದರೆ ಕ್ರಮವಾಗಿ ನಡೆಯಬೇಕು.

ಮೊದಲು ಫ್ರೇಮಿನ ಪರೀಕ್ಷೆ. ಅಯಸ್ಕಾಂತವನ್ನು ಹಿಡಿದು ಅದು ಉಕ್ಕೆಂಬುದನ್ನು ಖಚಿತಪಡಿಸಿಕೊಳ್ಳಿ. ಅಲ್ಯುಮಿನಿಯಂ ಫ್ರೇಮಿಗೆ ಈ ಕೆಲಸ ಕೂಡದು. ಮರುಕಳಿಸುವ ಪೀಡನದಿಂದ ಆ ಲೋಹ ದಣಿದು, ಮುನ್ಸೂಚನೆಯಿಲ್ಲದೆ ಬಿರಿಯಬಹುದು. ಕಾರ್ಬನ್ ಫ್ರೇಮಿಗಂತೂ ಪಟ್ಟಾದ ಹಿಡಿತವೇ ಅಪಾಯ. ಬೆಸುಗೆಗಳ ಬಳಿ ತುಕ್ಕು, ಬಿರುಕುಗಳಿದ್ದರೆ ಅಲ್ಲಿಗೇ ನಿಲ್ಲಿಸಿ.

ಅನಂತರ ಅಗಲ. ಹಿಂದಿನ ಎರಡು ಸೀಳುಗಳ ಒಳಮುಖಗಳ ನಡುವಣ ದೂರವನ್ನು ಅಳೆಯಿರಿ. ಡಿಸ್ಕಿಗಾಗಿ ಮಾಡಿದ ಸಾಮಾನ್ಯ ಹಬ್ಬಿನ ಅಗಲ 135 ಮಿಲಿಮೀಟರ್. 1990ರ ದಶಕದ ಗುಡ್ಡಗಾಡಿನ ಸೈಕಲ್ಲುಗಳಲ್ಲಿ ಬಹುಮಟ್ಟಿಗೆ ಇದೇ ಅಳತೆ ಇರುವುದು ಅನುಕೂಲ. ಹಳೆಯ ರಸ್ತೆ ಸೈಕಲ್ಲುಗಳಲ್ಲಿ 120, 126 ಅಥವಾ 130 ಇರುತ್ತದೆ. ಕಪ್ಪು ಸೈಕಲ್ಲಿನ ಹಿಂಭಾಗ ಇನ್ನೂ ಕಿರಿದು. ಚೈನು ಸಡಿಲವಾದಾಗಲೆಲ್ಲ ಅದರ ಅಚ್ಚನ್ನು ಹಿಂದಕ್ಕೆ ಸರಿಸಬೇಕು. ಆದಕಾರಣ ಅದಕ್ಕೆ ಈ ಏರ್ಪಾಡು ಹೊಂದದು.

ಮೂರನೆಯದು ಗಾಲಿ. ತಟ್ಟೆಯನ್ನು ಬಿಗಿಯಲು ಹಬ್ಬಿನಲ್ಲಿ 44 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಆರು ತೂತುಗಳಿರುತ್ತವೆ. ಇನ್ನೊಂದು ಬಗೆಯಲ್ಲಿ ಹಲ್ಲುಗಳುಳ್ಳ ಕಚ್ಚು ಇರುತ್ತದೆ. ತಟ್ಟೆಯೂ ಹಬ್ಬೂ ಒಂದೇ ಬಗೆಯವಾಗಿರಬೇಕು. ರಿಮ್ ಬ್ರೇಕಿನಲ್ಲಿ ತಡೆಯುವ ಬಲ ರಿಮ್ಮಿಗೇ ಬೀಳುತ್ತಿತ್ತು. ಈಗ ಅದು ಹಬ್ಬಿನಿಂದ ಕಡ್ಡಿಗಳ ಮೂಲಕ ರಿಮ್ಮಿಗೆ ಹೋಗಬೇಕು. ಹಬ್ಬಿನಿಂದ ನೇರವಾಗಿ ಹೊರಟ ಕಡ್ಡಿಗಳು ಈ ತಿರುಚನ್ನು ಸಾಗಿಸಲಾರವು. ಒಂದನ್ನೊಂದು ದಾಟಿ, ಹಬ್ಬಿಗೆ ಸ್ಪರ್ಶರೇಖೆಯಂತೆ ಹೊರಡುವ ಕಡ್ಡಿಗಳೇ ಬೇಕು.

ನಾಲ್ಕನೆಯದು ಅಡಾಪ್ಟರಿನ ಆಯ್ಕೆ. ತೋಳು ಉದ್ದವಾಗಿರಲಿ. ಸೀಟ್ ಸ್ಟೇ, ಚೈನ್ ಸ್ಟೇ ಎರಡನ್ನೂ ಹಿಡಿಯುವ ಮಾದರಿ ಸಿಕ್ಕಿದರೆ ಮತ್ತೂ ಮೇಲು. ಬಲವು ಎರಡಕ್ಕೂ ಹಂಚಿಹೋಗುತ್ತದೆ. ಪಟ್ಟಿಯಲ್ಲಿ ಕ್ಯಾಲಿಪರಿನ ತೂತುಗಳು 51 ಮಿಲಿಮೀಟರ್ ಅಂತರದಲ್ಲಿದ್ದು, ಕ್ಯಾಲಿಪರಿನ ತೂತುಗಳು 74 ಮಿಲಿಮೀಟರ್ ಅಂತರದಲ್ಲಿದ್ದರೆ ನಡುವೆ ಇನ್ನೊಂದು ಕಿರುಕಟ್ಟು ಬೇಕಾಗುತ್ತದೆ. ಅದು ನಿಮ್ಮ ತಟ್ಟೆಯ ವ್ಯಾಸಕ್ಕೆ ಹೊಂದುವಂಥದ್ದಾಗಿರಬೇಕು.

ಇನ್ನು ಜೋಡಣೆ. ಅಚ್ಚು ಕೂರುವಲ್ಲಿ ಪಟ್ಟಿಯೂ ಫ್ರೇಮೂ ಮುಟ್ಟುವ ಮುಖಗಳನ್ನು ಒರೆಸಿ, ದಪ್ಪ ಬಣ್ಣವಿದ್ದರೆ ಕೆರೆದು, ಸಮತಲವಾಗಿಸಿ. ತೋಳು ಕೊಳವೆಯ ಹಿಂಬದಿಗೆ ಒರಗಿ ಅದನ್ನೇ ಒತ್ತುವಂತಿರಲಿ. ಬಲವೆಲ್ಲ ತೆಳ್ಳನೆಯ ಪಟ್ಟಾದ ಮೇಲೆ ಜೋತುಬೀಳಬಾರದು. ಗಾಲಿಯನ್ನು ಕೂರಿಸಿ ತಿರುಗಿಸಿದಾಗ ತಟ್ಟೆಯು ಯಾವ ಕೊಳವೆಗೂ ತಾಗಕೂಡದು. ಕ್ಯಾಲಿಪರಿನ ಬೋಲ್ಟುಗಳು ಸಾಮಾನ್ಯವಾಗಿ 6 ಮಿಲಿಮೀಟರಿನವು. ಅವಕ್ಕೆ 6ರಿಂದ 8 ನ್ಯೂಟನ್-ಮೀಟರ್ ಬಿಗಿತ ಸಾಕು. 20 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ 4 ಕಿಲೋಗ್ರಾಂ ತೂಕದಷ್ಟು ಅದುಮಿದರೆ ಸುಮಾರು 8 ಆಗುತ್ತದೆ. ಮೊದಲು ಆ ಎರಡು ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಹ್ಯಾಂಡಲಿನ ಲಿವರನ್ನು ಹಿಡಿದುಕೊಂಡೇ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿದರೆ ಕ್ಯಾಲಿಪರ್ ತಟ್ಟೆಗೆ ನೇರವಾಗಿ ಕೂರುತ್ತದೆ. ತಂತಿಯ ಕ್ಯಾಲಿಪರುಗಳಲ್ಲಿ ಹೆಚ್ಚು ತಂತಿ ಎಳೆಯುವ ಲಿವರಿಗೆ ಒಂದು ಬಗೆ, ಕಡಿಮೆ ಎಳೆಯುವುದಕ್ಕೆ ಇನ್ನೊಂದು ಬಗೆ ಉಂಟು. ಹೊಂದಾಣಿಕೆಯನ್ನು ನೋಡಿಯೇ ಕೊಳ್ಳಿ.

ಕಡೆಯದು ಪಳಗಿಸುವಿಕೆ. ತಟ್ಟೆಗೂ ಪ್ಯಾಡಿಗೂ ಎಣ್ಣೆಯ ಕೈ ತಾಗಬಾರದು. ಜನಸಂಚಾರವಿಲ್ಲದ ಸಮತಟ್ಟಾದ ಬಯಲಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಿಂದ ನಡಿಗೆಯ ವೇಗಕ್ಕೆ ಇಳಿಯುವಂತೆ ಇಪ್ಪತ್ತು ಸಲ ಮೆಲ್ಲಗೆ ಬ್ರೇಕು ಹಿಡಿಯಿರಿ. ಆಗ ಪ್ಯಾಡಿನ ತೆಳುಪದರವು ತಟ್ಟೆಗೆ ಅಂಟಿ ಹಿಡಿತ ಬಲಿಯುತ್ತದೆ. ಆ ಕೂಡಲೆ ತಟ್ಟೆಯನ್ನು ಮುಟ್ಟಬೇಡಿ, ಕೈ ಸುಡುತ್ತದೆ. ತೋಳಿನ ತುದಿಯಿಂದ ಕೊಳವೆಯ ಮೇಲೆ ಹಾಯುವಂತೆ ಬಣ್ಣದ ಗೆರೆಯೊಂದನ್ನು ಎಳೆದಿಡಿ. ಪ್ರತಿ ಸವಾರಿಯ ಅನಂತರ ಅದನ್ನು ನೋಡಿ. ಗೆರೆ ಮುರಿದಿದ್ದರೆ ಪಟ್ಟಿ ಸರಿದಿದೆ ಎಂದರ್ಥ. ಆ ದಿನವೇ ಸವಾರಿ ನಿಲ್ಲಿಸಿ.

ಯಾರಿಗೆ ಯಾವುದು?

ಒಣ ರಸ್ತೆಯಲ್ಲಿ ಹಿಂದಿನ ಗಾಲಿಯ ಮಿತಿಯನ್ನು ಟೈರು ಗೊತ್ತುಮಾಡುತ್ತದೆಯೇ ಹೊರತು ಬ್ರೇಕಲ್ಲ. ಆದುದರಿಂದ ಹಿಂದೆ ಡಿಸ್ಕ್ ಹಾಕಿದ ಮಾತ್ರಕ್ಕೆ ಸೈಕಲ್ಲು ಬೇಗ ನಿಲ್ಲುವುದೆಂದು ತಿಳಿಯಬಾರದು. ಊರೊಳಗೆ ಓಡಾಡುವವನಿಗೆ ಉಕ್ಕಿನ ರಿಮ್ಮಿನ ಬದಲು ಅಲ್ಯುಮಿನಿಯಂ ರಿಮ್ಮು, ಗಟ್ಟಿಯಾದ ಹಳೆಯ ರಬ್ಬರಿನ ಬದಲು ಹೊಸ ರಬ್ಬರು, ತುಕ್ಕು ಹಿಡಿದ ತಂತಿಯ ಬದಲು ಹೊಸ ತಂತಿ ಇವಿಷ್ಟೇ ಸಾಕು. ಮಳೆಯಲ್ಲಿಯೂ ಬಹಳ ವ್ಯತ್ಯಾಸ ಕಾಣುತ್ತದೆ. ಕೆಸರಿನ ಇಳಿಜಾರುಗಳಲ್ಲಿ ದಿನವೂ ಓಡಾಡುವವನಿಗೆ, ಒಳ್ಳೆಯ ಉಕ್ಕಿನ ಫ್ರೇಮುಳ್ಳವನಿಗೆ, ಉದ್ದ ತೋಳಿನ ಅಡಾಪ್ಟರು ಪ್ರಯೋಜನಕ್ಕೆ ಬಂದೀತು. ಫ್ರೇಮು ಕಟ್ಟುವುದರಲ್ಲಿ ಪಳಗಿದ ಕುಶಲಿ ಸಿಕ್ಕಿದರೆ, ಎರಡು ಸ್ಟೇಗಳ ನಡುವೆ ಆಸರೆಯ ಕೊಳವೆಯೊಂದನ್ನು ಬೆಸೆದು ಕ್ಯಾಲಿಪರಿಗೆ ಜಾಗ ಮಾಡಿಸುವುದು ಎಲ್ಲಕ್ಕಿಂತ ಉತ್ತಮ. ಆಗ ಬಲವು ತ್ರಿಕೋಣದ ಮೂರು ಭುಜಗಳಿಗೂ ಹರಡುತ್ತದೆ.

ನಮ್ಮ ವಿದ್ಯಾರ್ಥಿಯು ಬಾಗಿದ ಕೊಳವೆಯನ್ನು ತೆಗೆಸಿ ಹೊಸದನ್ನು ಬೆಸೆಸಿದನು. ಹಿಂದೆ ರಿಮ್ ಬ್ರೇಕಿಗೇ ಮರಳಿ, ರಿಮ್ಮನ್ನು ಬದಲಾಯಿಸಿದನು. ಆ ಗಿಡ್ಡ ತೋಳಿನ ಪಟ್ಟಿ ಈಗ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಸನ್ನೆಯ ಪಾಠದ ದಿನ ಅದನ್ನು ಹೊರತೆಗೆಯುತ್ತೇವೆ.

ಕೊನೆಗೆ ವಾಚಕರಿಗೊಂದು ಲೆಕ್ಕ. 160 ಮಿಲಿಮೀಟರಿನ ತಟ್ಟೆಯ ಬದಲು 180 ಮಿಲಿಮೀಟರಿನ ತಟ್ಟೆಯನ್ನು ಹಾಕಿದರೆ ಪ್ಯಾಡಿನ ದೂರ 8 ಸೆಂಟಿಮೀಟರಾಗಿ, ಅಲ್ಲಿಯ ಬಲ 940ರಿಂದ 825 ನ್ಯೂಟನ್ನಿಗೆ ಇಳಿಯುತ್ತದೆ. ಹಾಗಾದರೆ ತೋಳಿನ ತುದಿ ಸೀಟ್ ಸ್ಟೇಯನ್ನು ಒತ್ತುವ ಬಲವೂ ಇಳಿಯುವುದೇ? ಅವಸರಪಡದೆ, ಬರೆದು ನೋಡಿ ಉತ್ತರಿಸಿ.